ಬೆಟ್ಟ ಹತ್ತಿದ ದೋಣಿ

ಆ ಶುಕ್ರವಾರ ಸಿದ್ದು ತಿಂಡಿ ತಿನ್ನದೆ ಮನೆ ಬಿಟ್ಟಿದ್ದೇ ತಪ್ಪಾಯಿತು. ಒಂದೆರಡು ಇಡ್ಲಿಯನ್ನಾದರೂ ತಿಂದು ಹೊರಟಿದ್ದರೆ ದೋಣಿ ಬೆಟ್ಟ ಹತ್ತುತ್ತಿರಲಿಲ್ಲ.

ಅವನಿಗೆ ಮೈಸೂರಿನ ಮೇಟಗಳ್ಳಿಯ ದೋಣಿ ಮ್ಯೂಸಿಯಂನಲ್ಲಿ ಕೆಲಸ. ಸಮುದ್ರ ನೋಡಬೇಕಾದರೆ ಘಟ್ಟ ಇಳಿದು ಹೋಗಬೇಕಾದ ಊರಿನಲ್ಲಿ ದೋಣಿಗಳಿಗೊಂದು ಮ್ಯೂಸಿಯಂ ಯಾಕೆ ಎಂದು ಬಂದವರೆಲ್ಲ ಕೇಳುತ್ತಿದ್ದರು. ಸಿದ್ದುವಿಗೆ ಗೊತ್ತಿದ್ದ ಉತ್ತರ ಸರಳವಾಗಿತ್ತು. ಒಂದು ಕಾರ್ಖಾನೆ ಮುಚ್ಚಿ ಅದರ ಶೆಡ್ಡು ಖಾಲಿ ಬಿದ್ದಿತ್ತು, ಒಂದು ಟ್ರಸ್ಟಿನವರಿಗೆ ದೋಣಿಗಳ ಹುಚ್ಚಿತ್ತು, ಎರಡೂ ಒಂದನ್ನೊಂದು ಹುಡುಕಿಕೊಂಡವು. ಕಾಡಿನವರು, ಹೊಳೆಯವರು, ದ್ವೀಪದವರು ತಮ್ಮ ಕೈಯಾರೆ ಮಾಡಿದ ದೋಣಿಗಳು ಮಾತ್ರ ಅಲ್ಲಿಗೆ ಬರುತ್ತಿದ್ದವು. ಕಬಿನಿಯ ಹರಿಗೋಲಿತ್ತು, ಕರಾವಳಿಯ ಪಾತಿ ದೋಣಿಯಿತ್ತು, ಬಿದಿರಿನ ತೆಪ್ಪವಿತ್ತು. ಸಿದ್ದು ಫ್ಯಾನಿನ ಕೆಳಗೆ ನಿಂತು ಶಾಲೆ ಮಕ್ಕಳಿಗೆ ಅವುಗಳ ಕತೆ ಹೇಳುತ್ತಿದ್ದ. ಈಜು ಬಾರದವನು ದೋಣಿಗಳ ಬಗ್ಗೆ ಅಷ್ಟು ಚೆನ್ನಾಗಿ ಹೇಳಬಲ್ಲ ಎಂಬುದು ಅವನಿಗೇ ಆಶ್ಚರ್ಯ. ಅಷ್ಟು ಮನಸ್ಸಿಗೆ ಹಿಡಿಸಿದ ಕೆಲಸವನ್ನು ಅವನು ಜೀವನದಲ್ಲಿ ಹಿಂದೆಂದೂ ಮಾಡಿರಲಿಲ್ಲ. ಬಿಡುವ ಮನಸ್ಸೂ ಇರಲಿಲ್ಲ.

ಆದರೆ ಹೋದ ತಿಂಗಳು ಒಂದು ಅನಾಹುತ ಆಗಿತ್ತು. ಸಿದ್ದು ಟೀ ಕುಡಿಯಲು ಹೋದಾಗ ದಪ್ಪನೆಯ ಮನುಷ್ಯರೊಬ್ಬರು ಫೋಟೋಗೆಂದು ಹರಿಗೋಲಿನೊಳಗೆ ಇಳಿದರು. ಹರಿಗೋಲಿನ ತಳ ಕಿತ್ತು ಬಂತು. ಸಿದ್ದು ವಾಪಸು ಬಂದಾಗ ಅವರು ಹರಿಗೋಲನ್ನು ಸೊಂಟಕ್ಕೆ ಲಂಗದ ಹಾಗೆ ತೊಟ್ಟುಕೊಂಡು, ಕಳಚುವುದು ಹೇಗೆಂದು ತಿಳಿಯದೆ ಮ್ಯೂಸಿಯಂ ಹಾಲ್ ತುಂಬ ಓಡಾಡುತ್ತಿದ್ದರು. ಅವತ್ತೇ ನಿರ್ದೇಶಕಿ ಅನುಪಮಾ ಮೇಡಂ ಅವನನ್ನು ಕರೆದು, ಇನ್ನೊಂದು ದೋಣಿಗೆ ಒಂದು ಗೆರೆ ಬಿದ್ದರೂ ಅವನನ್ನು ಹಾಲ್‌ನಿಂದ ಪಾರ್ಕಿಂಗಿಗೆ ಹಾಕುವುದಾಗಿ ಹೇಳಿದ್ದರು. ಪಾರ್ಕಿಂಗ್ ಎಂದರೆ ಬಿಸಿಲು, ಸೀಟಿ, ಮತ್ತು ಎಲ್ಲಿ ನಿಲ್ಲಿಸಬೇಡಿ ಎಂದರೆ ಅಲ್ಲೇ ನಿಲ್ಲಿಸುವ ಜನ.

ಈಗ ಬಂದಿದ್ದುದು ಮ್ಯೂಸಿಯಂಗೇ ದೊಡ್ಡ ಅತಿಥಿ. ಬಂಗಾಳ ಕೊಲ್ಲಿಯ ಯಾವುದೋ ಸಣ್ಣ ದ್ವೀಪದಲ್ಲಿ ಒಂದೇ ಮರದಲ್ಲಿ ಕೆತ್ತಿದ ದೋಣಿ. ಆ ದ್ವೀಪದ ಹೆಸರು ಮೇಟಗಳ್ಳಿಯಲ್ಲಿ ಯಾರ ಬಾಯಿಗೂ ಹತ್ತದೆ ಎಲ್ಲರೂ ಅಂಡಮಾನ್ ಅನ್ನುತ್ತಿದ್ದರು. ಕೆತ್ತಿದ ಅಜ್ಜನೇ ಮೈಸೂರಿಗೆ ಬಂದಿದ್ದ. ಸಂಜೆ ಅವನ ಕೈಯಲ್ಲೇ ಹೊಸ ಹಾಲ್‌ನ ಉದ್ಘಾಟನೆ. ನಂಜನಗೂಡು ರಸ್ತೆಯ ಗೋಡೌನಿಗೆ ಬಂದಿದ್ದ ದೋಣಿಯನ್ನು ಮ್ಯೂಸಿಯಂಗೆ ತಲುಪಿಸುವುದು ಸಿದ್ದುವಿನ ಪಾಲಿಗೆ ಬಂತು. ಮೇಡಂ ಅವನ ಕೈಗೆ ಒಂದು ಜೊತೆ ಬಿಳಿ ಕೈಗವುಸು ಕೊಟ್ಟು, ನೀರು ತಾಗಬಾರದು, ಎಣ್ಣೆ ತಾಗಬಾರದು, ಬರಿಗೈ ತಾಗಬಾರದು ಎಂದರು. ಸರಿಯಾಗಿ ತಂದರೆ ಅವನೇ ಹಾಲ್‌ನ ಮೇಲ್ವಿಚಾರಕ. ತರದಿದ್ದರೆ ಏನೆಂದು ಅವರು ಹೇಳಲಿಲ್ಲ. ಕಿಟಕಿಯಿಂದ ಪಾರ್ಕಿಂಗ್ ಕಡೆ ನೋಡಿದರು.

ದೋಣಿ ಬಾಡಿಗೆ ಗಾಡಿ ಓಡಿಸುವ ಮಹದೇವುವಿನ ಟಾಟಾ ಏಸ್‌ಗಿಂತ ಉದ್ದವಿತ್ತು. ಮೂತಿ ಕ್ಯಾಬಿನ್ ಮೇಲೆ ಚಾಚಿ, ಬಾಲ ಹಿಂದೆ ರಸ್ತೆಗೆ ಚಾಚಿ, ಗಾಡಿಯನ್ನು ಮೊಸಳೆಯೊಂದು ಬೆನ್ನ ಮೇಲಿಂದ ಹಿಡಿದ ಹಾಗೆ ಕಾಣುತ್ತಿತ್ತು. ಅದರ ಜೊತೆ ಎರಡು ಬಿದಿರು, ಒಂದು ಉದ್ದನೆಯ ದಿಮ್ಮಿಯೂ ಬಂದಿದ್ದವು. ಅವನ್ನು ದೋಣಿಯ ಒಂದು ಪಕ್ಕಕ್ಕೆ ಕಟ್ಟುತ್ತಾರೆ, ಅಲೆಗೆ ದೋಣಿ ಮಗುಚದ ಹಾಗೆ ತಡೆಯುತ್ತದೆ ಎಂದು ಸಿದ್ದು ವಿವರಿಸಿದ. ಮಹದೇವು ಎಲ್ಲ ಕೇಳಿಸಿಕೊಂಡು, ‘ಸೈಡ್ ಸ್ಟ್ಯಾಂಡು ಅನ್ನಪ್ಪ’ ಎಂದ.

ಹೊರಡುವ ಹೊತ್ತಿಗೆ ಸಿದ್ದುವಿನ ಹೊಟ್ಟೆ ಕೂಗುತ್ತಿತ್ತು. ಅಶೋಕಪುರಂ ದಾರಿಯಲ್ಲೇ ಇತ್ತು. ಮನೆ ಮುಂದೆ ಗಾಡಿ ನಿಲ್ಲಿಸಿ ದೊಡ್ಡಮ್ಮನ ಕೈಯಿಂದ ತಟ್ಟೆ ಇಸಿದುಕೊಂಡು ಕ್ಯಾಬಿನ್ನಲ್ಲೇ ತಿಂದು ಹೋದರಾಯಿತು ಎಂದುಕೊಂಡ. ಅಶೋಕಪುರಂನಲ್ಲಿ ಮನೆ ಮುಂದೆ ಒಂದು ಹೊಸ ಬಕೆಟ್ ಇಳಿದರೂ ಬೀದಿ ಪೂರ್ತಿ ಬಂದು ನೋಡುತ್ತದೆ. ಈ ಸಲ ಬಂದದ್ದು ದೋಣಿ.

ಸಿದ್ದುವಿನ ದೊಡ್ಡಮ್ಮ ಸೋಮಮ್ಮ ಇಡ್ಲಿ ತಟ್ಟೆ ಹಿಡಿದು ಬಂದವಳು ತಟ್ಟೆ ಮರೆತಳು. ದೋಣಿಯ ಮೇಲಿನ ಬಟ್ಟೆಯನ್ನು ಒಂದು ಕಡೆಯಿಂದ ಎತ್ತಿ ನೋಡಿದಳು.

‘ಬೆಟ್ಟಕ್ಕೋಗಿ ಬಂದ್ರಾ?’

ಇಲ್ಲ, ಸೀದಾ ಮೇಟಗಳ್ಳಿಗೆ ಎಂದ ಸಿದ್ದು.

‘ಹೊಸ ಗಾಡಿ ಕಣೋ. ಬೆಟ್ಟಕ್ಕೆ ತೋರಿಸ್ದೆ ಎಂಗೆ ತಗೊಂಡೋಯ್ತೀಯ?’

ಇದು ಗಾಡಿಯಲ್ಲ, ದೋಣಿ ಎಂದು ಸಿದ್ದು ಹೇಳಿದ. ಜನ ಕೂತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಾರೋ ಇಲ್ಲವೋ ಎಂದು ಸೋಮಮ್ಮ ಕೇಳಿದಳು. ಹೋಗುತ್ತಾರೆ. ಹಾಗಾದರೆ ಗಾಡಿಯೇ. ಮೈಸೂರಿನಲ್ಲಿ ಸೈಕಲ್ಲಿನಿಂದ ಜೆಸಿಬಿಯವರೆಗೆ ಹೊಸದಾಗಿ ಬಂದದ್ದೆಲ್ಲ ಮೊದಲು ಚಾಮುಂಡಿ ಬೆಟ್ಟಕ್ಕೆ ಹೋಗಿ ಕುಂಕುಮ ಹಚ್ಚಿಸಿಕೊಂಡು ಬಂದ ಮೇಲೇ ಕೆಲಸ ಶುರುಮಾಡುವುದು. ಅದಕ್ಕೆ ಸೋಮಮ್ಮ ಉದಾಹರಣೆಗಳನ್ನು ಕೊಡುತ್ತಾ ಹೋದಳು. ಹೋಗದೆ ಇದ್ದವರ ಉದಾಹರಣೆಗಳಲ್ಲಿ ಎಲ್ಲರಿಗೂ ಕಾಲು ಮುರಿದಿತ್ತು.

ಸಿದ್ದು ಸಹಾಯಕ್ಕಾಗಿ ಎದುರು ಮನೆಯ ಮಂಟಯ್ಯನ ಕಡೆ ನೋಡಿದ. ಮಂಟಯ್ಯ ರೈಲ್ವೆಯಲ್ಲಿದ್ದು ರಿಟೈರ್ ಆದವರು, ಬೌದ್ಧರಾಗಿ ಪಂಚಶೀಲ ತೆಗೆದುಕೊಂಡವರು, ಬೀದಿಯಲ್ಲಿ ಯಾರು ನಿಂಬೆಹಣ್ಣು ಕೊಯ್ದರೂ ಭಾಷಣ ಮಾಡುವವರು. ಅವರು ನಿರಾಸೆ ಮಾಡಲಿಲ್ಲ. ಮರದ ತುಂಡಿಗೆ ಪೂಜೆ ಮಾಡಿದರೆ ಅದು ಮುಳುಗುವುದಿಲ್ಲವೆ, ವಿಜ್ಞಾನ ಏನು ಹೇಳುತ್ತದೆ ಎಂದು ಶುರುಮಾಡಿದರು. ಸಿದ್ದುವಿಗೆ ಉಸಿರು ಬಂತು. ಆಮೇಲೆ ಅವರು ಚಪ್ಪಲಿ ಹಾಕಿಕೊಂಡರು.

‘ನೀವೆಲ್ಲಿಗೆ ಮಾವ?’

‘ಬೆಟ್ಟಕ್ಕೆ. ಮೌಢ್ಯ ಎಂಗೆ ನಡೀತದೆ ಅಂತ ಕಣ್ಣಾರೆ ನೋಡ್ದೆ ಎಂಗೋ ವಿರೋಧ ಮಾಡೋದು?’

ತೀರ್ಪು ಕೊಟ್ಟವನು ಮಹದೇವು. ಸೋಮಮ್ಮನ ಕಾಲು ಮುರಿದ ಕತೆಗಳನ್ನು ಕೇಳಿದ ಮೇಲೆ ತಾನು ಪೂಜೆಯಾಗದ ದೋಣಿಯನ್ನು ರಿಂಗ್ ರೋಡಿನಲ್ಲಿ ಓಡಿಸುವುದಿಲ್ಲ, ತನಗೆ ಹೆಂಡತಿ ಮಕ್ಕಳಿದ್ದಾರೆ ಎಂದ. ಸ್ಟೀರಿಂಗ್ ಅವನ ಕೈಯಲ್ಲಿತ್ತು. ಹೀಗೆ ಮಾತಾಡುತ್ತ ನಿಲ್ಲುವ ಹೊತ್ತಿಗೆ ಹೋಗಿಯೇ ಬರಬಹುದು, ಬಟ್ಟೆ ಬಿಚ್ಚದೆ ಒಂದು ಹೂವಿಟ್ಟು ಇಳಿಸಿಬಿಡೋಣ ಎಂದು ಸಿದ್ದು ಒಪ್ಪಿದ. ಇಡ್ಲಿ ಆರಿಹೋಗಿತ್ತು. ಅದನ್ನು ತಿನ್ನಲೂ ಇಲ್ಲ.

ಬೆಟ್ಟದ ಏರಿನಲ್ಲಿ ದೋಣಿ ಹಿಂದಕ್ಕೆ ಜಾರದಂತೆ ಹಿಡಿದುಕೊಳ್ಳಲು ಮಂಟಯ್ಯನವರನ್ನು ಗಾಡಿಯ ಹಿಂಬದಿ ಕೂರಿಸಿದ್ದರು. ಮೇಲೆ ಹೋಗಿ ನೋಡಿದರೆ ಅವರು ದೋಣಿಯ ಒಳಗೆ ಅಂಗಾತ ಮಲಗಿ ಪೇಪರ್ ಓದುತ್ತಿದ್ದರು. ತೂಕ ಬಿದ್ದರೆ ಜಾರುವುದಿಲ್ಲ, ಅದೂ ವಿಜ್ಞಾನವೇ ಎಂದರು.

ಗಾಡಿ ಪೂಜೆ ಮಾಡುತ್ತಿದ್ದ ಅರ್ಚಕರು ಆ ಬೆಳಿಗ್ಗೆ ಆಗಲೇ ಹಲವು ಬೈಕು, ಕಾರು, ಒಂದು ಟ್ರ್ಯಾಕ್ಟರ್ ಮುಗಿಸಿದ್ದರು. ದೋಣಿಯ ಮುಂದೆ ಬಂದು ನಿಂತರು. ಮೊದಲು ಬಟ್ಟೆ ತೆಗೆಸಿದರು. ಮುಖ ಮುಚ್ಚಿಕೊಂಡ ಗಾಡಿಗೆ ಪೂಜೆ ಇಲ್ಲವಂತೆ. ಸಂಕಲ್ಪಕ್ಕೆ ಯಾರ ಹೆಸರು ಎಂದು ಕೇಳಿದರು. ಸಿದ್ದು ಬಾಯಿ ತೆರೆಯುವ ಮೊದಲೇ ಸೋಮಮ್ಮ ಅವನ ಹೆಸರು, ನಕ್ಷತ್ರ, ಅವನಿಗೇ ಗೊತ್ತಿಲ್ಲದ ಅವನ ರಾಶಿ ಎಲ್ಲ ಹೇಳಿದಳು. ಅರ್ಚಕರು ದೋಣಿಯ ಮೂತಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದರು, ಎರಡೂ ಪಕ್ಕಕ್ಕೆ ಅರಿಸಿನ ಬಳಿದರು. ಸಿದ್ದು ಬಿಳಿ ಕೈಗವುಸು ತೊಟ್ಟ ಕೈಗಳನ್ನು ಮುಖಕ್ಕೆ ಮುಚ್ಚಿಕೊಂಡ. ಭಕ್ತಿ ಎಂದು ತಿಳಿದು ಅರ್ಚಕರು ಅವನ ಹಣೆಗೂ ಒಂದಿಷ್ಟು ಹಚ್ಚಿದರು.

ಆಮೇಲೆ ಅವರು ನಿಂಬೆಹಣ್ಣು ಹಿಡಿದು ದೋಣಿಯ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು.

‘ಚಕ್ರ ಎಲ್ಲಿ?’

ಇಲ್ಲ ಎಂದ ಸಿದ್ದು.

‘ಚಕ್ರ ಇಲ್ಲದೆ ನಿಂಬೆಹಣ್ಣು ಎಲ್ಲಿಡೋದ್ರೀ?’

ಏಸ್‌ನ ಚಕ್ರದ ಕೆಳಗಿಡಿ ಎಂದು ಮಹದೇವು ಉದಾರವಾಗಿ ಹೇಳಿದ. ಹಾಗೆ ಮಾಡಿದರೆ ಫಲ ಏಸ್‌ಗೆ ಹೋಗುತ್ತದೆ ಎಂದು ಅರ್ಚಕರು ಒಪ್ಪಲಿಲ್ಲ. ಇದುವರೆಗೆ ದೂರ ನಿಂತು ಮೌಢ್ಯವನ್ನು ಗಮನಿಸುತ್ತಿದ್ದ ಮಂಟಯ್ಯ ತಡೆಯಲಾರದೆ ಮುಂದೆ ಬಂದರು. ನಂಬಿಕೆ ಬೇರೆ, ಮೆಕ್ಯಾನಿಕಲ್ ಬೇರೆ. ನಿಂಬೆಹಣ್ಣು ಒಡೆಯಬೇಕಾದರೆ ದೋಣಿಯ ಭಾರವೇ ಅದರ ಮೇಲೆ ಬೀಳಬೇಕು. ಆದ್ದರಿಂದ ದೋಣಿಯನ್ನು ಕೆಳಗಿಳಿಸಿ, ಹಣ್ಣಿನ ಮೇಲೆ ಇಡಬೇಕು ಎಂದರು. ಅರ್ಚಕರಿಗೆ ಅದು ಹಿಡಿಸಿತು. ಸುತ್ತ ನಿಂತಿದ್ದ ಗಂಡಸರು ಕರೆಯುವ ಮೊದಲೇ ಬಂದು ಕೈಹಾಕಿದರು. ಸಿದ್ದು ಬರಿಗೈ, ಬರಿಗೈ ಎಂದು ಕೂಗುತ್ತ ಇದ್ದ ಒಂದೇ ಜೊತೆ ಕೈಗವುಸನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಓಡಾಡಿದ. ಉಘೇ ಎಂದು ಎತ್ತಿ, ಉಘೇ ಎಂದು ಇಳಿಸಿದರು. ಹಣ್ಣು ಪಕ್ಕಕ್ಕೆ ಜಾರಿ ಸುಮ್ಮನೆ ನಗುತ್ತಾ ಕೂತಿತ್ತು. ಮತ್ತೆ ಎತ್ತಿ ಇಳಿಸಿದರು.

ಆಗ ಅನುಪಮಾ ಮೇಡಂ ಫೋನ್ ಮಾಡಿದರು. ಎಲ್ಲಿದ್ದೀರಿ ಎಂದರು. ಸಿದ್ದು ರೈಲ್ವೆ ಗೇಟಿನಲ್ಲಿ ಎಂದ.

‘ಗಂಟೆ ಶಬ್ದ ಬರ್ತಿದೆಯಲ್ಲ?’

‘ರೈಲು ಬರ್ತಿದೆ ಮೇಡಂ.’

‘ಯಾರೋ ಮಂತ್ರ ಹೇಳ್ತಿದ್ದಾರೆ.’

‘ಗೇಟ್ ತೆಗೀಲಿ ಅಂತ ಮೇಡಂ.’

ಫೋನ್ ಇಟ್ಟು ತಿರುಗಿದರೆ ದೋಣಿಯ ಮುಂದೆ ಸಾಲು ನಿಂತಿತ್ತು. ನೆಲಕ್ಕಿಳಿದ, ಹೂವಿನ ಹಾರ ಹಾಕಿಕೊಂಡ ದೋಣಿಯನ್ನು ಕಂಡ ಜನ ಇದು ದೇವಸ್ಥಾನದ್ದೇ, ತೆಪ್ಪೋತ್ಸವಕ್ಕೆ ಬಂದಿದೆ ಎಂದು ತೀರ್ಮಾನಿಸಿದ್ದರು. ಒಬ್ಬರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿನವರು ತಾವೂ ಒತ್ತಿಕೊಂಡರು. ಬಾಳೆಹಣ್ಣು ಒಳಗೆ ಬಿದ್ದವು. ಹೊಸದಾಗಿ ಮದುವೆಯಾದ ಜೋಡಿಯೊಂದು ದೋಣಿಯಲ್ಲಿ ಕೂತು ಫೋಟೋ ತೆಗೆಸಿಕೊಂಡಿತು. ಯಾರದೋ ಕೂಸನ್ನು ಅದರೊಳಗೆ ಮಲಗಿಸಿ ಎತ್ತಿಕೊಂಡರು. ಪೊಲೀಸರೊಬ್ಬರು ಬಂದು ಇದು ಯಾರದು, ಯಾಕೆ ಇಲ್ಲಿಟ್ಟಿದ್ದೀರಿ ಎಂದು ಗದರಿದಾಗ ಸಿದ್ದುವಿಗೆ ಸಂತೋಷವೇ ಆಯಿತು. ಅಂಡಮಾನಿನಿಂದ ಅಮ್ಮನ ದರ್ಶನಕ್ಕೆ ಬಂದಿದೆ ಎಂದ ಮಹದೇವು. ಪೊಲೀಸರು ಟೋಪಿ ತೆಗೆದು, ತಾವೂ ಮುಟ್ಟಿ ಕಣ್ಣಿಗೊತ್ತಿಕೊಂಡು, ಸಾಲನ್ನು ನೇರ ಮಾಡಿ ಹೋದರು.

ದೃಷ್ಟಿ ತೆಗೆಯದೆ ಹೊರಡುವಂತಿಲ್ಲ ಎಂದು ಸೋಮಮ್ಮ ಬೂದುಗುಂಬಳ ತಂದಳು. ತೂತು ಕೊರೆದು ಒಳಗೆ ಕುಂಕುಮ ತುಂಬಿ, ನಿವಾಳಿಸಿ, ನೆಲಕ್ಕೆ ಅಪ್ಪಳಿಸಿದಳು. ಆ ವಯಸ್ಸಿನಲ್ಲಿ ಅವಳ ತೋಳಿಗೆ ಅಷ್ಟು ಶಕ್ತಿ ಇರಬಹುದೆಂದು ಯಾರೂ ಎಣಿಸಿರಲಿಲ್ಲ. ಕಾಯಿ ಸಿಡಿದು ದೋಣಿಯ ಒಂದು ಮೈ ಪೂರ್ತಿ ಕೆಂಪಾಯಿತು.

ಇಳಿಯುವ ದಾರಿಯಲ್ಲಿ ಮಂಟಯ್ಯ ಬಾಯಿ ತೆರೆದರು. ಬೆಟ್ಟಕ್ಕೆ ಹೋಗಿದ್ದಾಯಿತು, ಹಾಗೆಯೇ ಇಳಿದು ಹೋದರೆ ಒಂದೇ ಕಡೆಗೆ ವಾಲಿದ ಹಾಗಾಗುತ್ತದೆ, ಬುದ್ಧವಿಹಾರಕ್ಕೂ ಹೋಗಬೇಕು ಎಂದರು. ದೋಣಿ ಒಂದೇ ಕಡೆಗೆ ವಾಲಬಾರದೆಂದು ಸಿದ್ದುವೇ ಹೇಳಿದ್ದ. ವಿಹಾರದಲ್ಲಿ ಯಾರೂ ಏನನ್ನೂ ಹಚ್ಚಲಿಲ್ಲ, ಒಡೆಯಲಿಲ್ಲ. ಬಿಳಿ ಹೂವಿಟ್ಟು ಬುದ್ಧವಂದನೆ ಹೇಳಿ ಮುಗಿಸಿದರು. ಆದರೆ ಅವತ್ತು ಅಲ್ಲಿ ಯಾರದೋ ಮಗುವಿನ ಹೆಸರಿಡುವ ಕಾರ್ಯಕ್ರಮವಿತ್ತು, ಊಟ ಮಾಡದೆ ಕಳಿಸಲಿಲ್ಲ. ಸಿದ್ದು ಆ ದಿನ ತಿಂದ ಮೊದಲ ಅನ್ನ ಅದು. ಪಾಯಸ ಚೆನ್ನಾಗಿತ್ತು ಎಂಬುದನ್ನು ಅಷ್ಟು ದುಃಖದಲ್ಲೂ ಅವನು ಗಮನಿಸಿದ.

ಮೇಟಗಳ್ಳಿಯ ಹತ್ತಿರ ಒಂದು ವಾಟರ್ ಸರ್ವೀಸ್ ಅಂಗಡಿಯ ಹಿಂದೆ ಗಾಡಿ ನಿಲ್ಲಿಸಿದರು. ಸಿದ್ದು ಮೂವರ ಮುಂದೆ ಕೈಮುಗಿದು ನಿಂತು, ಈ ಬಣ್ಣ ಹೋಗದಿದ್ದರೆ ತನ್ನ ಕೆಲಸ ಹೋಗುತ್ತದೆ ಎಂದ. ಬೆಳಗಿನಿಂದ ಅವನು ಹೇಳಿದ ಮಾತುಗಳಲ್ಲಿ ಅವರು ಕೇಳಿಸಿಕೊಂಡದ್ದು ಇದೊಂದೇ. ಹಾಗೆಂದು ಮೊದಲೇ ಹೇಳಬಾರದೆ ಎಂದು ಸೋಮಮ್ಮ ಅವನನ್ನೇ ಬೈದಳು.

ಮಹದೇವು ಡೀಸೆಲ್ ಎಂದ. ಅಂಗಡಿಯವನು ಪ್ರೆಷರ್ ಪೈಪ್ ಎತ್ತಿಕೊಂಡು ಬಂದ. ಸಿದ್ದು ಪೈಪಿಗೂ ದೋಣಿಗೂ ನಡುವೆ ನಿಂತ. ಕಡೆಗೆ ಗೆದ್ದದ್ದು ಸೋಮಮ್ಮನ ಕಡಲೆಹಿಟ್ಟು. ಒದ್ದೆ ಬಟ್ಟೆ, ಕಡಲೆಹಿಟ್ಟು, ಮತ್ತೆ ಒಣ ಬಟ್ಟೆ. ನಾಲ್ವರೂ ದೋಣಿಯ ಸುತ್ತ ಕೂತು, ಮದುವೆ ಗಂಡಿಗೆ ಎಣ್ಣೆಶಾಸ್ತ್ರ ಮಾಡುವವರ ಹಾಗೆ ಉಜ್ಜಿದರು. ಸೋಮಮ್ಮ ಹಳೆಯದೊಂದು ಸೋಬಾನೆಯನ್ನೂ ಗುನುಗಿದಳು. ಮಂಟಯ್ಯನವರಿಗೆ ಆ ಹಾಡಿನ ಮುಂದಿನ ಸಾಲು ಗೊತ್ತಿತ್ತು. ಸಿದ್ದುವಿಗೂ ನಗು ಬಂತು. ಕುಂಕುಮ ಮರವನ್ನು ಬಿಟ್ಟು ಬಂತು. ಬಂದು ಸಿದ್ದುವಿನ ಅಂಗೈಗಳಲ್ಲಿ ನೆಲೆಸಿತು. ಎಷ್ಟು ತೊಳೆದರೂ ಹೋಗಲಿಲ್ಲ. ಅವನು ಹಣೆ ಒರೆಸಿಕೊಂಡು, ಕೈಗವುಸನ್ನು ಒಳಹೊರಗು ಮಾಡಿ ಮತ್ತೆ ತೊಟ್ಟುಕೊಂಡ.

ಹೊರಡುವ ಮೊದಲು ಅವನು ಮೂವರಿಗೂ ಪಾಠ ಹೇಳಿಕೊಟ್ಟ. ಯಾರು ಕೇಳಿದರೂ ದೋಣಿ ಬೆಟ್ಟಕ್ಕೆ ಹೋಗಿಲ್ಲ. ಗೋಡೌನಿನಿಂದ ಸೀದಾ ಮೇಟಗಳ್ಳಿ. ಯಾರೂ ಮುಟ್ಟಿಲ್ಲ. ಸೋಮಮ್ಮನಿಂದ ಮೂರು ಸಲ ಹೇಳಿಸಿದ. ಸತ್ತರೂ ಬಾಯಿ ಬಿಡುವುದಿಲ್ಲ ಎಂದು ಅವಳು ತಲೆ ಮೇಲೆ ಕೈಯಿಟ್ಟುಕೊಂಡಳು. ಸಂಜೆಯ ಕಾರ್ಯಕ್ರಮ ನೋಡಿಕೊಂಡೇ ಹೋಗುವುದೆಂದು ಮೂವರೂ ಅವನ ಜೊತೆಗೇ ಬಂದರು.

ಅನುಪಮಾ ಮೇಡಂ ಹಾಲ್‌ನಲ್ಲಿ ದೋಣಿಯ ಬಟ್ಟೆ ತೆಗೆಸಿ, ಟಾರ್ಚ್ ಹಿಡಿದು, ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಬಾಲದಿಂದ ಮೂತಿಯವರೆಗೆ ನೋಡಿದರು. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಮರ ಇಷ್ಟು ಹೊಳೆಯುವುದನ್ನು ತಾವು ಫೋಟೋದಲ್ಲೂ ನೋಡಿರಲಿಲ್ಲ ಎಂದರು. ಅವನ ಕೈಗವುಸು ನೋಡಿದರು. ಇಡೀ ಮ್ಯೂಸಿಯಂನಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು ಒಬ್ಬನಾದರೂ ಇದ್ದಾನಲ್ಲ ಎಂದರು.

ಸಂಜೆ ಹಾಲ್ ಜನರಿಂದ ತುಂಬಿತ್ತು. ಸೋಮಮ್ಮ, ಮಂಟಯ್ಯ, ಮಹದೇವು ಎರಡನೆಯ ಸಾಲಿನಲ್ಲಿ ತುಟಿ ಬಿಗಿದು ಕೂತಿದ್ದರು. ದ್ವೀಪದ ಅಜ್ಜ ಕುಳ್ಳಗೆ, ಗಟ್ಟಿಯಾಗಿದ್ದ. ಹೂವಿನ ಅಂಗಿ ತೊಟ್ಟಿದ್ದ. ಅವನದು ಒಂದು ಬಗೆಯ ಹಿಂದಿ, ಅದನ್ನು ಮೇಡಂ ಕನ್ನಡಕ್ಕೆ ಹೇಳುತ್ತಿದ್ದರು. ಮೊದಲು ಸಿದ್ದುವನ್ನೇ ವೇದಿಕೆಗೆ ಕರೆದು, ಇವತ್ತಿನಿಂದ ಇವರು ಹಾಲ್‌ನ ಮೇಲ್ವಿಚಾರಕರು ಎಂದು ಎದೆಗೆ ಬ್ಯಾಡ್ಜ್ ಚುಚ್ಚಿದರು. ಜನ ಚಪ್ಪಾಳೆ ಹೊಡೆದರು. ಸಿದ್ದುವಿನ ಅಂಗೈ ಬೆವೆತು ಬಿಳಿ ಕೈಗವುಸು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗತೊಡಗಿತ್ತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

‘ದಾರಿಯಲ್ಲಿ ಯಾರಾದರೂ ಮುಟ್ಟಿದರಾ ಸಿದ್ದು?’ ಮೇಡಂ ಮೈಕಿನಲ್ಲೇ ಕೇಳಿದರು. ಉತ್ತರ ಗೊತ್ತಿದ್ದು, ಎಲ್ಲರೂ ಕೇಳಲಿ ಎಂದು ಕೇಳಿದ ಪ್ರಶ್ನೆ.

‘ಇಲ್ಲ ಮೇಡಂ. ನಮ್ಮವ್ವನಾಣೆ. ಗೋಡೌನಿಂದ ಸೀದಾ ಇಲ್ಲಿಗೇ.’

ಮೇಡಂ ಹೆಮ್ಮೆಯಿಂದ ಅಜ್ಜನ ಕಡೆ ತಿರುಗಿ ಅದನ್ನು ಹಿಂದಿಯಲ್ಲಿ ಹೇಳಿದರು. ಈ ಊರಿನ ಒಬ್ಬರೂ ನಿಮ್ಮ ದೋಣಿಯನ್ನು ಮುಟ್ಟಿಲ್ಲ.

ಅಜ್ಜನ ಮುಖ ಇಳಿಯಿತು. ಅವನು ಎದ್ದು ದೋಣಿಯ ಹತ್ತಿರ ಹೋಗಿ, ಅದರ ಬೆನ್ನು ಸವರಿದ. ಆಮೇಲೆ ಮೆಲ್ಲಗೆ ಏನೋ ಹೇಳಿದ. ಮೇಡಂ ಕಿವಿಗೊಟ್ಟು ಕೇಳಿದರು. ಅವರ ಮುಖವೂ ಇಳಿಯಿತು.

‘ಇವರು ಕೇಳ್ತಿದ್ದಾರೆ,’ ಎಂದು ಮೈಕಿಗೆ ಬಂದರು. ‘ಮನೆಗೆ ಬಂದ ಅತಿಥಿಯನ್ನು ಯಾರೂ ಮುಟ್ಟಿ ಮಾತಾಡಿಸಲಿಲ್ಲವಾ ಅಂತ. ಹೊಸ ಊರಿಗೆ ಹೋದ ದೋಣಿಯನ್ನು ಆ ಊರಿನವರು ತಮ್ಮ ಪದ್ಧತಿ ಪ್ರಕಾರ ಬರಮಾಡಿಕೊಳ್ಳಬೇಕಂತೆ. ಕೈ ಹಾಕಬೇಕಂತೆ, ಮಕ್ಕಳನ್ನು ಕೂರಿಸಬೇಕಂತೆ. ಯಾರೂ ಮುಟ್ಟದ ದೋಣಿ ಬರೀ ಕಟ್ಟಿಗೆ, ಅದನ್ನು ಇಲ್ಲಿ ಬಿಟ್ಟು ಹೋಗಲ್ಲ ಅಂತಿದ್ದಾರೆ.’

ನಿಮ್ಮ ಊರಿನಲ್ಲಿ ಏನು ಮಾಡುತ್ತೀರಿ ಎಂದು ಅಜ್ಜ ಕೇಳಿದ. ಮೇಡಂ ಕೂಡ ಮೈಸೂರಿನವರೇ. ಬೆಟ್ಟ ಎಂದು ಒಂದೇ ಮಾತಿನಲ್ಲಿ ಹೇಳಿದರು. ತಮ್ಮ ಮೊದಲ ಸ್ಕೂಟಿಯನ್ನೂ ಅಪ್ಪ ಬೆಟ್ಟಕ್ಕೇ ಕರೆದುಕೊಂಡು ಹೋಗಿದ್ದರು ಎಂದು ನೆನೆದರು. ಅಜ್ಜನ ಕಣ್ಣು ಅರಳಿತು. ಹಾಗಾದರೆ ಅಲ್ಲಿಗೆ ಹೋಗಬೇಕು. ಅಲ್ಲಿ ಏನು ಹಚ್ಚುತ್ತಾರೋ ಅದು ದೋಣಿಯ ಮೈಮೇಲೆ ಹಾಗೇ ಉಳಿಯಬೇಕು. ಅದೇ ಈ ಊರಿನ ಗುರುತು, ಅದನ್ನು ಯಾರೂ ಒರೆಸಬಾರದು.

ಸಿದ್ದುವಿನ ಬಾಯಿ ತೆರೆಯಿತು. ಹೋಗಿ ಬಂದಿದೆ ಎನ್ನಬೇಕು. ಈಗಷ್ಟೇ ಮೈಕಿನಲ್ಲಿ ಅವ್ವನ ಮೇಲೆ ಆಣೆ ಮಾಡಿದ್ದ. ಹೋಗಿ ಬಂದ ಗುರುತನ್ನು ಕಡಲೆಹಿಟ್ಟಿನಲ್ಲಿ ಉಜ್ಜಿ ಚರಂಡಿಗೆ ಬಿಟ್ಟಿದ್ದ. ಬಾಯಿ ಹಾಗೇ ಮುಚ್ಚಿತು. ಅವನು ಎರಡನೆಯ ಸಾಲಿನ ಕಡೆ ನೋಡಿದ.

ಮೇಡಂ ಕೂಡ ಅವನನ್ನೇ ನೋಡುತ್ತಿದ್ದರು.

‘ನಾನು ನಿಯಮದ ಗುಂಗಿನಲ್ಲಿ ಮರೆತೆ ಸಿದ್ದು. ಇದೇ ಊರಲ್ಲಿ ಹುಟ್ಟಿ ಬೆಳೆದೋರು, ನಿಮಗಾದ್ರೂ ಹೊಳೀಬಾರ್ದಾಗಿತ್ತಾ? ನಿಮಗೆ ಯಾರೂ ಹೇಳ್ಲೂ ಇಲ್ವಾ?’

ಸೋಮಮ್ಮ ಎದ್ದು ನಿಂತಳು. ಸಿದ್ದು ಅವಳಿಗೆ ಕಣ್ಣಲ್ಲೇ ಬೇಡಿಕೊಂಡ. ನಿಜ ಹೇಳಿಬಿಡು ದೊಡ್ಡಮ್ಮ ಎಂಬುದು ಆ ಬೇಡಿಕೆ. ಆದರೆ ಅವಳು ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದವಳು.

‘ನಾನು ಹೇಳ್ದೆ ಕಣಮ್ಮ,’ ಎಂದಳು. ‘ಬೆಟ್ಟಕ್ಕೆ ಕರ್ಕೊಂಡೋಗು ಅಂತ ಬಡ್ಕೊಂಡೆ. ಓಗ್ಲಿಲ್ಲ. ಸೀದಾ ಇಲ್ಲಿಗೇ ಬಂದ್ಬುಟ್ಟ.’

ಮಹದೇವು ಎದ್ದು, ತಾನೂ ಹೇಳಿದೆ, ಗಾಡಿ ಬೆಟ್ಟದ ಕಡೆ ತಿರುಗಿಸಲೂ ಬಿಡಲಿಲ್ಲ ಎಂದ. ಮಂಟಯ್ಯ ಸುಳ್ಳು ಹೇಳದವರು. ಅವರು ಎದ್ದು ನಿಂತು, ತಾವು ಇಂಥ ಪದ್ಧತಿಗಳನ್ನು ಒಪ್ಪದವರಾದರೂ ಅತಿಥಿಯ ಮನಸ್ಸು ನೋಯಿಸುವುದನ್ನೂ ಒಪ್ಪುವುದಿಲ್ಲ ಎಂದು ಮಾತ್ರ ಹೇಳಿ ಕೂತರು. ಅದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು.

ಮೇಡಂ ಬಂದು ಸಿದ್ದುವಿನ ಎದೆಯಿಂದ ಬ್ಯಾಡ್ಜ್ ಬಿಚ್ಚಿಕೊಂಡರು. ಬೈಯಲಿಲ್ಲ. ಅತಿಥಿಗಳನ್ನು ಬರಮಾಡಿಕೊಳ್ಳುವುದು ಹೇಗೆಂದು ಕಲಿಯುವವರೆಗೆ ಅವನು ಗೇಟಿನಲ್ಲಿ, ಪಾರ್ಕಿಂಗ್ ನೋಡಿಕೊಂಡು ಇರುವುದು ಒಳ್ಳೆಯದು ಎಂದರು. ನಾಳೆ ಬೆಳಿಗ್ಗೆ ದೋಣಿಯ ಜೊತೆ ಎಲ್ಲರೂ ಬೆಟ್ಟಕ್ಕೆ ಹೋಗುವುದು, ಏನೇನು ಮಾಡಬೇಕೆಂದು ಸೋಮಮ್ಮನವರೇ ಹೇಳಬೇಕು ಎಂದರು. ಸೋಮಮ್ಮ ಆಗಲೇ ಅಜ್ಜನ ಪಕ್ಕ ಕೂತು, ತನ್ನ ಕನ್ನಡದಲ್ಲೇ ಅವನಿಗೆ ಬೂದುಗುಂಬಳದ ವಿಷಯ ವಿವರಿಸುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅಜ್ಜ ಅಪ್ಪಳಿಸುವುದು ಹೇಗೆಂದು ಕೈಯೆತ್ತಿ ತೋರಿಸಿದ. ಹಾಗಲ್ಲ, ಇನ್ನೂ ಮೇಲಿಂದ ಎಂದು ಅವಳು ತಿದ್ದಿದಳು.

ಕಾರ್ಯಕ್ರಮ ಮುಗಿದು ಜನ ಹೊರಡುವಾಗ ಗೇಟಿನಲ್ಲಿ ಸಿದ್ದು ನಿಂತಿದ್ದ. ಮಹದೇವುವಿನ ಏಸ್ ಹಿಂದಕ್ಕೆ ಬರುತ್ತಿತ್ತು. ಕ್ಯಾಬಿನ್ನಿನಿಂದ ಸೋಮಮ್ಮ ತಲೆ ಹೊರಗೆ ಹಾಕಿದಳು.

‘ಬೇಜಾರು ಮಾಡ್ಕೋಬೇಡ ಕಣೋ ಮಗ. ನೀನು ಹೇಳ್ಕೊಟ್ಟಿದ್ದು ಒಂದಕ್ಷರ ತಪ್ಪಲಿಲ್ಲ, ನೋಡು.’

ಸಿದ್ದು ಅವಳನ್ನೇ ನೋಡಿದ. ಹಿಂದೆ ಕಾರುಗಳು ಹಾರನ್ ಹೊಡೆಯುತ್ತಿದ್ದವು. ಅವನು ಗುಲಾಬಿ ಕೈಗವುಸಿನ ಕೈಯೆತ್ತಿ, ಸೀಟಿ ಊದಿ, ಬರಲಿ, ಬರಲಿ, ಇನ್ನೂ ಬರಲಿ ಎಂದ.